ಎರಡನೇ ತುದಿಯ ಬೆಸುಗೆ

ಚಹಾಕ್ಕೆ ಮೊದಲೇ ಹೇಳಿಬಿಟ್ಟರೆ ಚಹಾ ಕುಡಿಯುವಷ್ಟು ಹೊತ್ತೂ ಅವಳ ಮುಖ ನೋಡಬೇಕಾಗುತ್ತದೆ. ಚಹಾ ಆದಮೇಲೆ ಹೇಳೋಣವೆಂದರೆ ಅವಳ ಕೈಯಲ್ಲಿ ಕಾದ ಸೋಲ್ಡರಿಂಗ್ ಐರನ್ ಇರುತ್ತದೆ. ಊಟದ ಹೊತ್ತಿಗೆ ಬಾಲಾಜಿ ನಡುವೆ ಬಂದು ಕೂರುತ್ತಾನೆ. ಸಂಜೆಯಾದರೆ ಅವಳೇ ಇರುವುದಿಲ್ಲ. ಹಾಗಾದರೆ ಯಾವಾಗ?

ಈ ಯೋಚನೆಯಲ್ಲೇ ಪಂಚಾಕ್ಷರಿ ಟೆಸ್ಟ್ ಬೆಂಚಿನ ಸ್ವಿಚ್ ಒತ್ತಿದ. ಪರದೆಯ ಮೇಲೆ ಸೊನ್ನೆಯಲ್ಲಿ ತೆಪ್ಪಗೆ ಮಲಗಿರಬೇಕಾದ ಹಸಿರು ಗೆರೆ, ಮೇಷ್ಟರು ಹೆಸರು ಕೂಗಿದ ಹುಡುಗನ ಮೊಣಕಾಲಿನಂತೆ ನಡುಗತೊಡಗಿತು.

ಪೀಣ್ಯದ ಆ ಶೆಡ್ಡಿನಲ್ಲಿ ತಯಾರಾಗುತ್ತಿದ್ದುದು ಹಾರಾಟದಲ್ಲಿ ವಿಮಾನದ ರೆಕ್ಕೆ ಎಷ್ಟು ಬಾಗುತ್ತದೆಂದು ಅಳೆಯುವ ಪೆಟ್ಟಿಗೆ. ರೆಕ್ಕೆಗೆ ಅಂಟಿಸಿದ ಸೆನ್ಸರ್ ಕೊಡುವ ಸಂಕೇತ ಇರುವೆ ಸೀನಿದಷ್ಟು. ವಿಮಾನದ ತುಂಬ ಮೋಟಾರು, ರೇಡಿಯೋಗಳ ಗದ್ದಲ. ಅದರ ನಡುವೆ ಈ ಸೀನು ಕೇಳಬೇಕಾದರೆ ತಂತಿಗೆ ತಾಮ್ರದ ಜಾಲರಿ ಹೊದಿಸಬೇಕು. ಜಾಲರಿಯ ಒಂದು ತುದಿಯನ್ನು ಮಾತ್ರ ಪೆಟ್ಟಿಗೆಯ ಮೈಗೆ ಬೆಸೆದು, ಸೆನ್ಸರ್ ಕಡೆಯ ತುದಿಯನ್ನು ಯಾವುದಕ್ಕೂ ತಾಗದಂತೆ ಬಿಡಬೇಕು. ಎರಡನ್ನೂ ಬೆಸೆದರೆ ಜಾಲರಿಯಲ್ಲೇ ಕರೆಂಟು ಸುತ್ತುಹೊಡೆದು, ಕಾಯಲು ಹಾಕಿದ್ದೇ ಗದ್ದಲ ಎಬ್ಬಿಸುತ್ತದೆ.

ಬೆಸೆಯುವುದು ಮಂಜುಶ್ರೀಯ ಕೆಲಸ, ಪರೀಕ್ಷಿಸುವುದು ಪಂಚಾಕ್ಷರಿಯದು. ನಾಲ್ಕು ವರ್ಷಗಳಲ್ಲಿ ಅವಳ ಒಂದು ಕೇಬಲ್ಲಿನಲ್ಲೂ ತಪ್ಪು ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಮಾತಾಡಲು ಒಂದು ನೆಪವಾದರೂ ಇರುತ್ತಿತ್ತು.

ಇಂದು ಇಲ್ಲಿ ಅವಳ ಕೊನೆಯ ದಿನ. ಸೋಮವಾರದಿಂದ ಇದೇ ಕಂಪನಿಯ ಜಿಗಣಿಯ ಹೊಸ ಘಟಕದಲ್ಲಿ ಅವಳು ಲೈನ್ ಲೀಡರ್. ಬೆಂಗಳೂರಿನ ಈ ತುದಿ ಪೀಣ್ಯವಾದರೆ ಜಿಗಣಿ ಆ ತುದಿ.

ತಮ್ಮ ರಾಗಿ ಹೊಲದ ಮೇಲೆಯೇ ಶೆಡ್ ಕಟ್ಟಿಸಿದ ಮಾಲೀಕ ಲಕ್ಷ್ಮಯ್ಯ ನಡುಗುವ ಗೆರೆ ನೋಡಿ ಹೌಹಾರಿದರು. "ನಾಲ್ಕ್ ಗಂಟೆಗೆ ಪಾರ್ಟಿಯೋರು ಇನ್ಸ್‌ಪೆಕ್ಷನ್‌ಗೆ ಬತ್ತಾರೆ! ನನ್ ರೂಲ್ ಗೊತ್ತಲ್ಲ? ಯಾರ್ ಕೈಯಿಂದ ತಪ್ಪಾಯ್ತೋ ಅವ್ರು ಎಲ್ಲಿಗೂ ಓಗಂಗಿಲ್ಲ, ನನ್ ಕಣ್ಮುಂದೇನೇ ಇರ್ಬೇಕು."

ರೂಲು ಎಲ್ಲರಿಗೂ ಗೊತ್ತಿತ್ತು. ಹೋದ ವರ್ಷ ಒಂದು ಪೆಟ್ಟಿಗೆಯ ಬದಲು ಇನ್ನೊಂದನ್ನು ಕಳಿಸಿದ್ದಕ್ಕೆ ಸ್ಟೋರ್ಸಿನ ಬಾಲಾಜಿಯ ಹೊಸೂರು ಟ್ರೈನಿಂಗೇ ರದ್ದಾಗಿತ್ತು.

ಆ ಅನುಭವಸ್ಥನೇ ಮೊದಲು ಮುಂದೆ ಬಂದ. "ಗುರು, ಇದು ಮೊಬೈಲ್ ಸಿಗ್ನಲ್ ಕಣೋ. ಎಲ್ಲಾ ಫೋನ್ ಕೊಡ್ರಪ್ಪಾ!" ಫೋನುಗಳನ್ನೆಲ್ಲ ಚಹಾ ಮಾಡುವ ಚಿಕ್ಕಮುನಿಯಮ್ಮನ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಿದ. ಗೆರೆ ನಿಲ್ಲಲಿಲ್ಲ. ಮುಚ್ಚಳವೂ ಸರಿಯಾಗಿ ಕೂತಿರಲಿಲ್ಲ. ಒಳಗೆ ಲಕ್ಷ್ಮಯ್ಯನವರ ಫೋನು ಹೊಡೆದುಕೊಂಡು, ಡಬ್ಬಿ ಮೇಜಿನ ಅಂಚಿನ ತನಕ ನಡೆದು ಬಂದು ದಬಾರನೆ ಬಿತ್ತು. ಫೋನ್ ಮಾಡಿದ್ದವರು ಪೆಟ್ಟಿಗೆ ಕೊಳ್ಳುವ ಪಾರ್ಟಿಯವರೇ. ನಾಲ್ಕಕ್ಕಲ್ಲ, ಮೂರಕ್ಕೇ ಬರುತ್ತಾರಂತೆ.

"ಕಣ್ಣಾಗೈತೆ ಕಣಪ್ಪಾ, ಆ ಮಗಿ ದೊಡ್ ಕೆಲಸಕ್ಕೆ ಓಯ್ತದಲ್ಲ," ಎಂದು ಚಿಕ್ಕಮುನಿಯಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಇಡೀ ಶೆಡ್ಡು ಕೆಮ್ಮಿತು. ಪಂಚಾಕ್ಷರಿಯ ಕಣ್ಣಲ್ಲಿ ನೀರು ಧಾರೆಯಾಗಿ ಇಳಿದದ್ದನ್ನು ನೋಡಿ ಬಾಲಾಜಿ, "ಇವ್ನು ಯಾಕೋ ಜಾಸ್ತೀನೇ ಅಳ್ತಾವ್ನೆ," ಎಂದ.

ಲಕ್ಷ್ಮಯ್ಯನವರ ತೀರ್ಮಾನ ಬೇರೆ. "ಅರ್ಥ್ ಗುಂಡಿ ಒಣಗೈತೆ. ನೀರ್ ಉಯ್ಯಿ!" ಕರೆಂಟು ನೆಲಕ್ಕಿಳಿಯಲೆಂದು ಹಿತ್ತಲಲ್ಲಿ ತೋಡಿದ್ದ ಆ ಗುಂಡಿಗೆ ಪಂಚಾಕ್ಷರಿ ಹನ್ನೊಂದು ಬಕೆಟ್ ನೀರು ಹೊತ್ತ. ಹನ್ನೊಂದನೆಯದರ ಜೊತೆ ತಾನೂ ಜಾರಿದ. ಒದ್ದೆ ಪ್ಯಾಂಟಿನಲ್ಲಿ ಬೆಂಚಿಗೆ ಮರಳಿದಾಗ ಮಂಜುಶ್ರೀ ಒಬ್ಬಳೇ ಇದ್ದಳು. ಈಗ ಹೇಳಬಹುದಿತ್ತು. ಆದರೆ ಮೊಣಕಾಲಿಂದ ನೀರು ತೊಟ್ಟಿಕ್ಕುವವನು ಅಂಥ ಮಾತು ಹೇಗೆ ಆಡುತ್ತಾನೆ?

ಅವಳೇ ಕೇಳಿದಳು. "ಪಂಚಾಕ್ಷರಿ ಅವ್ರೇ, ಸೆನ್ಸರ್ ಕಡೆ ಕನೆಕ್ಟರ್ ಬಿಚ್ಚಿ ನೋಡಿದ್ರಾ?"

"ಅದು ನಿಮ್ಮ ಕೈ ಕೆಲಸ ಐತಲ್ರೀ. ಅದನ್ನೇನ್ ನೋಡೂದು?"

"ನೋಡಿದ್ರೆ ನಿಮ್ ಗಂಟೇನು ಹೋಗುತ್ತೆ?"

"ಛೇ, ಬ್ಯಾಡ್ರಿ. ನಿಮ್ಮ ಮ್ಯಾಲೆ ನನಗ ಪೂರಾ ನಂಬಿಕಿ ಐತ್ರಿ."

ಅವಳು ಸೋಲ್ಡರಿಂಗ್ ಐರನ್ನನ್ನು ಒದ್ದೆ ಸ್ಪಂಜಿಗೆ ಒತ್ತಿದಳು. ಅದು ಚುಸ್ಸೆಂದಿತು.

ಮೂರಕ್ಕೆ ಹತ್ತು ನಿಮಿಷವಿದ್ದಾಗ, ಬಿಚ್ಚಲು ಬೇರೇನೂ ಉಳಿಯದೆ, ಅವನು ಆ ಕನೆಕ್ಟರನ್ನೇ ಬಿಚ್ಚಿದ. ತಂತಿಯ ಕಪ್ಪು ತೊಗಟೆಯ ಕೆಳಗೆ, ಸುಮ್ಮನೆ ಬಿಟ್ಟಿರಬೇಕಾದ ಜಾಲರಿಯ ತುದಿಯನ್ನು ಅಂದವಾಗಿ ಬೆಸೆಯಲಾಗಿತ್ತು. ಸಾಸಿವೆ ಕಾಳಿನಂಥ ಹೊಳೆಯುವ ಹನಿ. ಅಂಥ ಹನಿ ಇಡುವ ಕೈ ಆ ಶೆಡ್ಡಿನಲ್ಲಿ ಒಂದೇ. ಜಿಗಣಿ ಕೆಲಸ ಸಿಕ್ಕಿದ ದಿನ ಅವಳು ಎಲ್ಲರಿಗೂ ಹಂಚಿದ್ದ ಮೈಸೂರು ಪಾಕು ನೆನಪಾಯಿತು.

"ಸಿಕ್ತಾ? ಯಾರ್ ಕೆಲ್ಸಲಾ ಇದು?" ಲಕ್ಷ್ಮಯ್ಯ ಬೆನ್ನ ಹಿಂದೆಯೇ ನಿಂತಿದ್ದರು.

"ಸಾರ್, ಅದು..." ಮಂಜುಶ್ರೀ ಎದ್ದು ನಿಂತಳು.

"ನಂದ್ರೀ ಸಾರ್!" ಪಂಚಾಕ್ಷರಿ ಒದರಿದ. "ನಿನ್ನೆ ನಾನ ಬಿಚ್ಚಿ ಮತ್ತ ಬೆಸೆದೀನ್ರೀ. ಅವರದೇನೂ ತಪ್ಪಿಲ್ರೀ."

"ಇಲ್ಲ ಸಾರ್, ಅದು ನಾನೇ..." ಎಂದಳು ಅವಳು.

"ನೀ ಸುಮ್ಕಿರವ್ವಾ. ಅವನ್ನ ಉಳಿಸಾಕೆ ಸುಳ್ ಯೋಳ್ಬ್ಯಾಡ," ಎಂದರು ಲಕ್ಷ್ಮಯ್ಯ. "ಸದ್ಯ, ನಿಂದಾಗಿದ್ರೆ ಜಿಗಣಿ ಕ್ಯಾನ್ಸಲ್ ಮಾಡ್ಬೇಕಾಯ್ತಿತ್ತು. ಲೇ ಪಂಚಾಕ್ಷರಿ, ನೀನ್ ಮಾತ್ರ ಈ ಶೆಡ್ ಬುಟ್ಟು ಅಲ್ಲಾಡಂಗಿಲ್ಲ."

ಬೆಸುಗೆ ಬಿಡಿಸಿದ ಕೂಡಲೇ ಗೆರೆ ಸೊನ್ನೆಗೆ ಬಂದು ಮಲಗಿತು. ಪಾರ್ಟಿಯವರು ಕೈ ಕುಲುಕಿ ಹೋದರು.

ಸಂಜೆ ಪೀಣ್ಯ ಮೆಟ್ರೋ ಮೆಟ್ಟಿಲಿನವರೆಗೆ ಇಬ್ಬರೂ ನಡೆದರು. ಅವನ ಒದ್ದೆ ಶೂ ಹೆಜ್ಜೆಗೊಮ್ಮೆ ಕಪ್ಪೆಯಂತೆ ಕೂಗುತ್ತಿತ್ತು. ಮೆಟ್ಟಿಲ ಬುಡದಲ್ಲಿ ಅವಳು ನಿಂತಳು. "ಜಿಗಣಿ ಅಂತ ನೀವು ಮೈಸೂರು ಪಾಕು ಹಂಚಿದ್ದು ನೆನಪಾತ್ರಿ, ಅದಕ್ಕ ನಂದ ಅಂದೆ," ಎಂದ ಅವನು.

"ಆ ಮೈಸೂರು ಪಾಕು ಲಕ್ಷ್ಮಯ್ಯನವರೇ ತರಿಸಿ ನನ್ ಕೈಲಿ ಹಂಚಿಸಿದ್ದು," ಎಂದಳು. "ನಾಲ್ಕು ವರ್ಷ ಒಂದೇ ತುದಿ ಬೆಸೆದೋಳು ಕಣ್ರೀ ನಾನು. ಇವತ್ತು ಎರಡೂ ಬೆಸೆದಿದೀನಿ ಅಂದ್ರೆ, ಮರೆತು ಬೆಸೆದೆ ಅನ್ಕೊಂಡ್ರಾ? ಅವ್ರ ರೂಲು ನಂಗೂ ಗೊತ್ತಿತ್ತು."

ಅರ್ಥವಾಗಲು ಅವನಿಗೆ ಒಂದು ರೈಲು ಹೋಗುವಷ್ಟು ಹೊತ್ತು ಹಿಡಿಯಿತು. ಅವಳು ಆ ರೈಲನ್ನು ಬಿಟ್ಟು ಕಾದಳು.

"ಜಿಗಣಿಗೆ ಬಸ್ಸು ಎಲ್ಲಿಂದ ಹತ್ತತೀರಿ?" ಎಂದು ಅವನು ಕೇಳಿದ.

"ಮೆಜೆಸ್ಟಿಕ್‌ನಿಂದ," ಎಂದು ಅವಳು ಮೆಟ್ಟಿಲು ಹತ್ತಿದಳು.

ಬೆಳಗ್ಗೆಯಿಂದ ಹೊತ್ತು ಹುಡುಕುತ್ತಿದ್ದ ಆ ಮಾತನ್ನು, ಹೋಗಬೇಡಿ ಎಂದು, ಅವನು ಹೇಳಲಿಲ್ಲ.