ನಮ್ಮೂರ ಕೆರೆಗೊಂದು ಪಾತಿ

ಕೆಲವರನ್ನ ನಾಯಿ ಅಟ್ಟಿಸಿಕೊಂಡು ಬರುತ್ತೆ, ಕೆಲವರನ್ನ ನೆಂಟರು. ನನ್ನನ್ನ ಮಾತ್ರ ನಗೆಪಾಟಲು ಯಾವತ್ತೂ ಬಿಟ್ಟಿಲ್ಲ. ಸರ್ಕಾರಿ ನರ್ಸಾಗಿ ಊರೂರು ತಿರುಗಿ ಎಷ್ಟೋ ಹೆರಿಗೆ ಮಾಡಿಸಿದ್ದೀನಿ. ಆದ್ರೆ ಜನ ನೆನಪಿಟ್ಟುಕೊಂಡಿರೋದು ಅದನ್ನಲ್ಲ, ತೆಂಗಿನ ಸೀಮೆಯಲ್ಲಿ ನಾನು ಹೆಂಗಸರ ದೋಣಿ ಸಂಘ ಕಟ್ಟಿದ್ದನ್ನ. ಈಗಲೂ ಸಂತೇಲಿ ಸಿಕ್ಕಿದ್ರೆ ಕಿಸಕ್ ಅಂತಾರೆ. ಅನ್ನಲಿ! ನಕ್ಕೋರೆಲ್ಲ ಏರಿ ಮೇಲೆ ನಿಂತಿದ್ರು, ನಾವು ನೀರಿನ ಮೇಲಿದ್ವಿ.

೧. ಪಾತಿ ತುಂಬಿತು

ತೊಂಬತ್ತರ ದಶಕದಲ್ಲಿ ನನ್ನನ್ನ ಅಂಕೋಲೆ ಕಡೆಗೆ ವರ್ಗ ಮಾಡಿದ್ರು. ನಾನು ತುರುವೇಕೆರೆ ತಾಲ್ಲೂಕಿನವಳು, ಕೆರೆಗಿಂತ ದೊಡ್ಡ ನೀರು ಕಂಡವಳಲ್ಲ. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಬಾಡಿಗೆ ಮನೆ ಒಡತಿ ಬಾಗಿಲು ಬಡಿದ್ಲು.

"ನರ್ಸಮ್ಮಾ, ಬೇಗ ಬಾ ಮಾರಾಯ್ತಿ! ನಮ್ಮ ಪಾತಿಲಿ ನೀರು ತುಂಬ್ಕಂಡದೆ!"

ನಮ್ಮ ಕಡೆ ಪಾತಿ ಅಂದ್ರೆ ತೆಂಗಿನ ಮರದ ಬುಡದ ಸುತ್ತ ನೀರು ನಿಲ್ಲಲಿ ಅಂತ ಅಗೆಯೋ ಗುಂಡಿ. ಅದು ತುಂಬಿದ್ರೆ ಮನೇಲಿ ಪಾಯಸ ಮಾಡ್ಬೇಕು ಅನ್ನೋ ಅಷ್ಟು ಖುಷಿ. ಇವಳ್ಯಾಕೆ ಹಿಂಗೆ ಎದೆ ಬಡ್ಕೋತಾಳೆ ಅಂತ ನನಗೆ ಅರ್ಥವಾಗಲಿಲ್ಲ.

"ತುಂಬಲಿ ಬಿಡಕ್ಕ, ಒಳ್ಳೇದೇ ಅಲ್ವಾ? ಮೂರು ದಿನ ಹಂಗೇ ನಿಂತ್ಕೊಳ್ಳಲಿ" ಅಂದೆ.

"ಮೂರು ದಿನ ನಿಂತ್ರೆ ಮುಳುಗಿ ಹೋಗ್ತದೆ!"

"ಮುಳುಗಿ ಹೋಗೋಕೆ ಅದೇನು ದೋಣಿನಾ?"

"ದೋಣಿ ಅಲ್ದೆ ಮತ್ತೆಂತದು?"

೨. ತೊಟ್ಟಿ ಬಂತು

ಅಲ್ಲಿ ಪಾತಿ ಅಂದ್ರೆ ಉದ್ದಕ್ಕಿರೋ ಸಣ್ಣ ದೋಣಿ. ಒಂದು ಪಕ್ಕಕ್ಕೆ ಎರಡು ಕೋಲು ಚಾಚಿ, ತುದಿಗೆ ಒಂದು ಹಗುರ ದಿಮ್ಮಿ ಕಟ್ಟಿರ್ತಾರೆ, ಮಗುಚದ ಹಾಗೆ. ಆ ಒಡತಿ ಮತ್ತವಳ ಗೆಳತಿಯರದ್ದು ಒಂದು ಪಾತಿ ಸಂಘ. ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಹುಟ್ಟು ಹಾಕ್ಕೊಂಡು ಹೋಗೋರು. ಮೀನು ಹಿಡಿಯೋಕಲ್ಲ, ಬರೀ ಖುಷಿಗೆ. ಆರು ವರ್ಷ ನಾನೂ ಹೋದೆ. ದೇವರಾಣೆ, ಅಷ್ಟು ಸಂತೋಷ ನನಗೆ ಮದುವೇಲೂ ಆಗಿರಲಿಲ್ಲ. ಊರಿಗೆ ವಾಪಸ್ ವರ್ಗವಾದಾಗ ನಾನು ಅತ್ತಿದ್ದು ನೋಡಲಾರದೆ ಅವರು ಒಂದು ಹಳೇ ಪಾತೀನೇ ಕೊಟ್ಟುಬಿಟ್ರು. ತಿಪಟೂರಿಗೆ ಕೊಬ್ಬರಿ ತುಂಬೋಕೆ ಖಾಲಿ ಹೊರಟಿದ್ದ ಲಾರಿ ಮೇಲೆ ಅದನ್ನ ಹಾಕಿಸಿ, ದಬ್ಬೇಘಟ್ಟದ ಹತ್ತಿರದ ನಮ್ಮೂರಿಗೆ ತಂದೆ. ಬರೋ ದಾರೀಲಿ ಪಕ್ಕದ ದಿಮ್ಮಿ ಮುರಿದು ಬಿತ್ತು.

ಮನೆ ಮುಂದೆ ಇಳಿಸಿ ಮುಖ ತೊಳೆಯೋಕೆ ಹೋಗಿದ್ದೆ. ಬರೋ ಅಷ್ಟರಲ್ಲಿ ಯಜಮಾನರ ಎಮ್ಮೆ ದೋಣಿಯೊಳಗೆ ಮೂತಿ ಹಾಕಿ, ನಿಂತಿದ್ದ ಮಳೆನೀರು ಕುಡೀತಿತ್ತು. ಯಜಮಾನರು ಅಂದ್ರೆ ನಮ್ಮ ಪಂಚಾಯ್ತಿ ಅಧ್ಯಕ್ಷರು.

"ಒಳ್ಳೇ ತೊಟ್ಟಿ ತಂದಿದೀಯ ಕಣವ್ವ. ಯಾವ ಮರದ್ದು?"

"ತೊಟ್ಟಿ ಅಲ್ಲ ಯಜಮಾನ್ರೇ, ದೋಣಿ. ಕೆರೆಗೆ ಬಿಡ್ತೀವಿ, ನಾವು ನಾಲ್ಕು ಜನ ಹೆಂಗಸರು."

"ಹೆಂಗಸ್ರು ದೋಣಿ ಹತ್ತೋದಾ? ಊರಿನ ಮಾನ ಏನಾಗ್ಬೇಕು? ಅದನ್ನ ಎಮ್ಮೆಗಾದ್ರೂ ಬುಡು!"

"ಎಮ್ಮೆಗೆ ಈಜು ಬರುತ್ತೆ ಯಜಮಾನ್ರೇ. ದೋಣಿ ಬೇಕಾಗಿರೋದು ನಮಗೆ."

೩. ಕಾಯಿ ಏನ್ ರೇಟು?

ನಾಲ್ಕು ಜನ ಅಂದ್ರೆ ನಾನು, ಅಂಗನವಾಡಿ ಟೀಚರು, ಬಿಸಿಯೂಟದ ಅಡುಗೆಯಮ್ಮ, ಆಮೇಲೆ ತೆಂಗಿನ ನಾರಿನ ಹಗ್ಗ ಹೊಸೆಯೋ ನಾರಿನಕ್ಕ.

ಮುರಿದ ದಿಮ್ಮಿ ಬದಲು ನಮ್ಮೂರ ಬಡಗಿ ತೆಂಗಿನ ಮರದ ತುಂಡು ಜೋಡಿಸಿಕೊಟ್ಟ. "ತೆಂಗು ಯಾವತ್ತಾದ್ರೂ ಕೈ ಬುಟ್ಟೈತಾ?" ಅಂದ. ಬಿಡ್ತು. ದೋಣಿ ನೀರಿಗೆ ಇಳಿಸಿದ್ದೇ ತಡ, ಆ ತುಂಡು ಕಲ್ಲಿನ ಹಂಗೆ ಸೀದಾ ತಳಕ್ಕೆ ಇಳೀತು. ಅದರ ಹಿಂದೆ ದೋಣಿ ವಾಲಿತು, ದೋಣಿ ಹಿಂದೆ ನಾವು ನಾಲ್ಕೂ ಜನ ಮೊಣಕಾಲುದ್ದ ಕೆಸರಿಗೆ. ಏರಿ ಮೇಲೆ ಇಡೀ ಊರು ನಿಂತು ಚಪ್ಪಾಳೆ ಹೊಡೀತು. ಅಡುಗೆಯಮ್ಮ ಕೆಸರಲ್ಲೇ ನಿಂತು ಎಲ್ಲರಿಗೂ ಕೈ ಮುಗಿದ್ಲು.

ನಾರಿನಕ್ಕ ಮಾತ್ರ ಯೋಚನೆ ಮಾಡ್ತಿದ್ಲು. "ಅಲ್ಲ ಕಣ್ರೀ ನರ್ಸಮ್ಮ, ಈಜು ಕಲಿಯೋವಾಗ ಒಣಗಿದ ಜೋಡಿಕಾಯಿ ಸೊಂಟಕ್ಕೆ ಕಟ್ಕಂತಿರ್ಲಿಲ್ವಾ ನಾವು? ದೋಣಿಗೂ ಅದನ್ನೇ ಕಟ್ಟಿದ್ರಾಯ್ತು."

ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿಗಳನ್ನ ಹಗ್ಗದ ಬಲೆಯಲ್ಲಿ ಉದ್ದಕ್ಕೆ ಬಿಗಿದು ಕೋಲಿನ ತುದಿಗೆ ಕಟ್ಟಿದ್ಲು. ದೋಣಿ ನೀರಿನ ಮೇಲೆ ಅಲ್ಲಾಡದೆ ಕೂತ್ಕೊಂಡ್ತು. ಭಾನುವಾರ ಮೊದಲನೇ ಸಲ ಕೆರೆ ಸುತ್ತು ಹೊಡೀತಿದ್ವಿ. ಏರಿ ಮೇಲೆ ಒಬ್ಬ ಕಾಯಿ ವ್ಯಾಪಾರಿ ಸ್ಕೂಟರ್ ನಿಲ್ಲಿಸಿ ಕೂಗಿದ.

"ಅಮ್ಮಾ, ಕಾಯಿ ಏನ್ ರೇಟು?"

"ಇದು ಮಾರೋಕಲ್ಲಪ್ಪ!" ಅಂದೆ.

"ಮತ್ತೆ ಯಾಕ್ ನೀರಲ್ಲಿ ಎಳ್ಕಂಡು ತಿರುಗ್ತಿದೀರಾ? ತೂಕ ಬರ್ಲಿ ಅಂತ ನೆನೆಸ್ತಾ ಇದೀರಾ?"

೪. ಮುದ್ದೆಕೋಲು ಕೆರೆಗೆ

ನಮ್ಮ ಡ್ರೆಸ್ಸು ನೈಟಿ, ಅದರ ಮೇಲೆ ಗಂಡನ ಹಳೇ ಶರ್ಟು. ಹುಟ್ಟು ಅಂದ್ರೆ ತೆಂಗಿನ ಮಟ್ಟೆ, ಹುಡುಗರು ಕ್ರಿಕೆಟ್ ಬ್ಯಾಟ್ ಮಾಡ್ಕೊಳ್ತಾರಲ್ಲ, ಅದೇ. ಬುಡ ಅಗಲಕ್ಕಿರೋದ್ರಿಂದ ನೀರು ಚೆನ್ನಾಗಿ ತಳ್ಳುತ್ತೆ. ಆದ್ರೆ ಗಂಡಸರ ಕಣ್ಣಿಗೆ ಅದು ಸೌದೆ. ಒಂದು ಭಾನುವಾರ ನಾರಿನಕ್ಕನ ಗಂಡ ಅವಳ ಮಟ್ಟೇನ ಬಿಸಿನೀರೊಲೆಗೆ ತುರುಕಿಬಿಟ್ಟ. ಮರೆತು ಹಾಕಿದ್ದಲ್ಲ. "ಇನ್ನೇನ್ ಹಿಡ್ಕಂಡು ಹೋಯ್ತೀಯ ನೋಡ್ತೀನಿ" ಅಂತ ಬೇಕಂತಲೇ ಹಾಕಿದ್ದು.

ಅವಳು ಸೀದಾ ಅಡುಗೆಮನೆಗೆ ಹೋಗಿ ಮುದ್ದೆಕೋಲು ತಗೊಂಡು ಬಂದ್ಲು. ಮುದ್ದೆ ತೊಳೆಸೋ ಹಂಗೆ ಇಡೀ ಕೆರೆ ಅದರಲ್ಲೇ ತೊಳೆಸಿದ್ಲು. ದೋಣಿ ಮುಂದೆ ಹೋಗಲಿಲ್ಲ, ಇದ್ದಲ್ಲೇ ಗಿರಗಿರ ತಿರುಗ್ತು. ನಾನು ಕೇಳಿದೆ, "ಅಕ್ಕ, ಇಷ್ಟು ಹಟ ಯಾಕೆ? ಒಂದು ಭಾನುವಾರ ಬಿಟ್ರೆ ಏನಾಯ್ತಿತ್ತು?"

"ನರ್ಸಮ್ಮ, ಎದ್ದಾಗಿಂದ ಮಲಗೋಗಂಟ ನನ್ನ ಯಾರಾದ್ರೂ ಕೂಗ್ತಾನೇ ಇರ್ತಾರೆ. ಅತ್ತೆ ಕೂಗ್ತಾರೆ, ಇವ್ನು ಕೂಗ್ತಾನೆ, ಕೊಟ್ಟಿಗೇಲಿ ಕರ ಕೂಗ್ತದೆ. ಕೆರೆ ಮಧ್ಯಕ್ಕೆ ಬಂದ್ರೆ ಕೂಗಿದ್ದು ಕೇಳ್ಸಲ್ಲ. ವಾರಕ್ಕೊಂದ್ ಗಂಟೆ. ಅದನ್ನೂ ಬುಟ್ಕೊಡ್ಲಾ?"

ಈ ದೋಣಿ ಕೆರೇಲಿ ಉಳೀಲೇಬೇಕು ಅಂತ ಅವತ್ತೇ ಗಟ್ಟಿ ಮಾಡ್ಕೊಂಡೆ.

ಅವತ್ತು ಮನೇಲಿ ಅವಳ ಗಂಡ ತಟ್ಟೆ ಮುಂದೆ ಕೂತು, "ಮುದ್ದೆ ಎಲ್ಲೇ?" ಅಂದನಂತೆ.

"ನನ್ ಮಟ್ಟೆ ಒಲೆಗೋದ್ರೆ, ನಿನ್ ಮುದ್ದೆಕೋಲು ಕೆರೆಗೋಯ್ತದೆ" ಅಂದ್ಲಂತೆ ಇವಳು. ಸಂಜೆ ಹೊತ್ತಿಗೆ ಬಾಗಿಲ ಪಕ್ಕ ಹೊಸ ಮಟ್ಟೆ ಒರಗಿಸಿತ್ತು. ಒಂದಲ್ಲ, ಎರಡು. ಒಂದು ಸ್ಪೇರ್.

೫. ಠರಾವು

ಯಜಮಾನರು ಸುಮ್ಮನಿರ್ತಾರಾ? "ಪಂಚಾಯ್ತಿ ಪರ್ಮಿಷನ್ ಇಲ್ದೆ ಕೆರೇಲಿ ಏನೂ ಇರಂಗಿಲ್ಲ. ಬರೋ ಮೀಟಿಂಗಲ್ಲಿ ಪರ್ಮಿಷನ್ ತಗಳಿ, ಇಲ್ಲಾಂದ್ರೆ ನಿಮ್ಮ ದೋಣಿ ಎಳೆಸಿ ಸೌದೆ ಮಾಡಿಸ್ತೀನಿ" ಅಂತ ಹೇಳಿ ಕಳಿಸಿದ್ರು.

ನಾನೇ ಅರ್ಜಿ ಬರೆದೆ. ಆರು ವರ್ಷ ಕರಾವಳೀಲಿದ್ದ ನಾಲಿಗೆ, ಕೈಗೂ ಅದೇ ಮಾತು ಬಂತು: "ನಮ್ಮ ಮಹಿಳಾ ಸಂಘದ ಒಂದು ಪಾತಿಯನ್ನು ಊರ ಕೆರೆಯಲ್ಲಿ ಇಟ್ಟುಕೊಳ್ಳಲು ಅನುಮತಿ ಕೊಡಬೇಕು." ಬೇಕಂತ ಬರೆದಿದ್ದಲ್ಲ, ನಂಬಿದ್ರೆ ನಂಬಿ.

ಮೀಟಿಂಗಲ್ಲಿ ಯಜಮಾನರು ಅದನ್ನ ಓದಿ ಮುಖ ಅರಳಿಸಿದ್ರು. "ನೋಡ್ರಪ್ಪಾ! ದೋಣಿ ಹುಚ್ಚು ಬುಟ್ಟು ತೆಂಗಿನ ಪಾತಿ ಮಾಡಕ್ಕೆ ಬಂದವ್ರೆ! ಈಗ ಬಂತು ಬುದ್ಧಿ. ಅಲ್ಲ ಕಣವ್ವ, ಒಂದೇ ಯಾಕೆ, ಕೆರೆ ಅಂಗಳದಲ್ಲಿ ಹತ್ತು ಪಾತಿ ಮಾಡ್ಕಳಿ!"

"ಒಂದು ಸಾಕು ಯಜಮಾನ್ರೇ. ನಾಲ್ಕೂ ಜನ ಅದರಲ್ಲೇ ಕೂರ್ತೀವಿ" ಅಂದ್ಲು ಅಡುಗೆಯಮ್ಮ.

"ಪಾತೀಲಿ ಕೂರ್ತೀರಾ?"

"ಕಳೆ ಕೀಳೋಕಿರ್ಬೇಕು ಬುಡಿ" ಅಂದ್ರು ಸೆಕ್ರೆಟ್ರಿ.

ಆಗ ನನಗೆ ಹೊಳೀತು. ಬಾಯಿ ತೆಗೆಯೋ ಅಷ್ಟರಲ್ಲಿ ನಾರಿನಕ್ಕ ನನ್ನ ಕಾಲು ತುಳಿದು, "ಸುಮ್ಕಿರಿ ನರ್ಸಮ್ಮ" ಅಂದ್ಲು. ಸುಮ್ಮನಾದೆ. ಸೌದೆ ಮಾಡಿಸ್ತೀನಿ ಅಂದವರಿಗೆ ನಾನ್ಯಾಕೆ ನಿಘಂಟು ಓದಿಸಲಿ?

ಯಜಮಾನರು ಉತ್ಸಾಹದಲ್ಲಿ ತಾವೇ ಹೇಳಿ ಠರಾವು ಬರೆಸಿ, ದೊಡ್ಡದಾಗಿ ಸಹಿ ಹಾಕಿದ್ರು. ಸಾಲದು ಅಂತ ಈ ಮಾದರಿ ಪಾತಿ ನೋಡೋಕೆ ತಾಲ್ಲೂಕಿಂದ ತೋಟದ ಆಫೀಸರನ್ನೂ ಕರೆಸಿದ್ರು. ಅವರು ಬಂದಿದ್ದು ಒಂದು ಭಾನುವಾರ ಬೆಳಿಗ್ಗೆ. ನಾವು ನೀರಲ್ಲಿದ್ವಿ.

"ಎಲ್ರೀ ಪಾತಿ?" ಅಂತ ಆಫೀಸರು ಏರಿ ಮೇಲಿಂದ ಕೇಳಿದ್ರು.

"ಇದೇ ಸಾರ್!" ಅಂತ ನಾನು ದೋಣಿ ಅಂಚು ತಟ್ಟಿ ತೋರಿಸಿದೆ. "ಕರಾವಳೀಲಿ ಇದಕ್ಕೇ ಪಾತಿ ಅನ್ನೋದು!"

ಯಜಮಾನರ ಮುಖ ಕೆಂಪಗಾಯ್ತು. "ಮೋಸ! ಎಳೀರ್ಲಾ ಅದನ್ನ ಆಚೆಗೆ!"

ಆಫೀಸರು ಕೈಯಲ್ಲಿದ್ದ ಠರಾವು ಬಿಡಿಸಿ ಗಟ್ಟಿಯಾಗಿ ಓದಿದ್ರು. "ಒಂದು, ಸದರಿ ಪಾತಿಯನ್ನು ಯಾರೂ ಕೀಳತಕ್ಕದ್ದಲ್ಲ. ಎರಡು, ಪಾತಿಗೆ ವರ್ಷಪೂರ್ತಿ ನೀರು ಇರುವಂತೆ ಪಂಚಾಯ್ತಿ ನೋಡಿಕೊಳ್ಳತಕ್ಕದ್ದು. ಸಹಿ ನಿಮ್ದೇ ಅಲ್ವೇನ್ರೀ?"

ಏರಿ ಮೇಲಿದ್ದವರೆಲ್ಲ ನಗೋಕೆ ಶುರು ಮಾಡಿದ್ರು, ಈ ಸಲ ನಮ್ಮನ್ನ ನೋಡಿ ಅಲ್ಲ. ಆಫೀಸರೂ ನಗು ತಡೀಲಾರದೆ ಮುಂದಿನ ಸಾಲು ಓದಿದ್ರು. "ಮೂರು, ಅಧ್ಯಕ್ಷರು ಖುದ್ದಾಗಿ ನಿಂತು ವರ್ಷಕ್ಕೆರಡು ಸಲ ಪಾತಿಗೆ ಕೊಟ್ಟಿಗೆ ಗೊಬ್ಬರ ಹಾಕಿಸತಕ್ಕದ್ದು."

ನಾರಿನಕ್ಕ ದೋಣೀಲಿ ಎದ್ದು ನಿಂತ್ಲು. ಮಟ್ಟೆ ಸೊಂಟಕ್ಕೆ ಊರಿಕೊಂಡು, ಜೀವನದಲ್ಲಿ ಮೊದಲನೇ ಸಲ ಅವಳೇ ಇನ್ನೊಬ್ಬರನ್ನ ಕೂಗಿದ್ಲು:

"ಯಜಮಾನ್ರೇ! ಯಾರೂ ಕಿತ್ತಿಲ್ಲ, ನೀರೂ ಐತೆ! ಗೊಬ್ಬರ ಯಾವಾಗ ತತ್ತೀರಾ?"