ಜಿಮ್ಮಿಯ ಕೂದಲು, ಊರಿನವರ ಕಾರಣ

ನಾಯಿ ಸಾಕಿದವನಿಗೆ ನಾಯಿಯಿಂದ ಅಂಥ ತೊಂದರೆಯೇನೂ ಇಲ್ಲ. ತೊಂದರೆಯೆಲ್ಲ ನಾಯಿಯ ವಿಷಯ ಬಲ್ಲವರಿಂದ. ಗುಬ್ಬಿಯಲ್ಲಿ ನಾಯಿಗಳಿಗಿಂತ ಅಂಥವರೇ ಹೆಚ್ಚೆಂದು ನನಗೆ ಗೊತ್ತಾದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ನಮ್ಮ ಜಿಮ್ಮಿಯ ಕೂದಲು ಉದುರತೊಡಗಿದಾಗ. ಮೊದಲು ಬೆನ್ನು, ಆಮೇಲೆ ಪಕ್ಕೆ, ಕೊನೆಗೆ ಬಾಲ. ಬೋಳು ಬಾಲವನ್ನೂ ಅದು ನನ್ನನ್ನು ಕಂಡೊಡನೆ ಹಿಂದಿನಷ್ಟೇ ಖುಷಿಯಿಂದ ಅಲ್ಲಾಡಿಸುತ್ತಿತ್ತು.

ನಾವಿದ್ದದ್ದು ರುದ್ರಪ್ಪನವರ ವಠಾರದಲ್ಲಿ. ಕೊಬ್ಬರಿ ವ್ಯಾಪಾರಿ, ಮಹಾ ಶಿವಭಕ್ತರು. ವಿಭೂತಿ ಧರಿಸದೆ ಬಾಯಿಗೆ ನೀರು ಹಾಕಿದವರಲ್ಲ, ಬಾಡಿಗೆದಾರರನ್ನು ಬೈಯದೆ ಊಟಕ್ಕೆ ಕೂತವರೂ ಅಲ್ಲ. ಪೂಜೆಯ ಕೋಣೆ ಅಂಗಳದ ಮಗ್ಗುಲಿಗೇ ಇದ್ದದ್ದರಿಂದ, ನಾಯಿ ಅಂಗಳ ದಾಟಬೇಕಾದರೆ ಅದಕ್ಕೆ ಸ್ನಾನವಾಗಿರಬೇಕೆಂಬುದು ಅವರ ಕಾನೂನು. ಹಾಗಾಗಿ ದಿನಾ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಬಟ್ಟೆ ಸೋಪಿನಿಂದ ಉಜ್ಜಿ ಉಜ್ಜಿ ಜಿಮ್ಮಿಯನ್ನು ಮಡಿ ಮಾಡುತ್ತಿದ್ದೆ. ವಠಾರದಲ್ಲಿ ನಿತ್ಯಸ್ನಾನ ತಪ್ಪಿಸದವರು ರುದ್ರಪ್ಪನವರು ಮತ್ತು ಜಿಮ್ಮಿ ಮಾತ್ರ.

ಒಂದು ದಿನ ಅವರು ನನ್ನನ್ನು ಕರೆಸಿದರು. "ಮೇಷ್ಟ್ರೇ, ಬರೋ ತಿಂಗ್ಳು ನಮ್ ಮಗ್ಳು ಗಿರಿಜೆನ ನೋಡಕ್ಕೆ ಕುಣಿಗಲ್‌ನಿಂದ ಗಂಡಿನ ಕಡೆಯೋರು ಬರ್ತಾವ್ರೆ. ಬಾಗ್ಲಲ್ಲೇ ಈ ಬೋಳು ನಾಯಿ ಕಂಡ್ರೆ, ಮನೆಯೋರ್ಗೂ ಚರ್ಮದ ಕಾಯ್ಲೆ ಐತೆ ಅಂದ್ಕೊಳಲ್ವಾ? ಅಷ್ಟ್ರೊಳಗೆ ಅದಕ್ಕೆ ಕೂದ್ಲು ಬರ್ಬೇಕು. ಇಲ್ದಿದ್ರೆ ನಮ್ ಲಾರೀಲಿ ಊರ್ಡಿಗೆರೆ ಕಾಡಿನ ಕಡೆ ಬುಟ್ಟು ಬರ್ತಾರೆ."

ನನ್ನ ಹೆಂಡತಿ ಸರೋಜ ಇದನ್ನು ಕೇಳಿ, "ಲಾರೀಲಿ ನನಗೂ ಜಾಗ ಇರ್ಲಿ ಅನ್ನಿ" ಎಂದಳು. ತಮಾಷೆಗೆ ಅಂದದ್ದಲ್ಲ. ನಮಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಬೈಸಿಕೊಳ್ಳಲು ನಾನು, ಮುದ್ದಿಸಿಕೊಳ್ಳಲು ಜಿಮ್ಮಿ.

ಕಾರಣ ಹುಡುಕಲು ಹೊರಟೆ. "ಉಷ್ಣ ಕಣ್ರೀ" ಎಂದರು ನಮ್ಮ ಹೆಡ್‌ಮೇಷ್ಟ್ರು. ಅವರಿಗೆ ಕಣ್ಣು ಕೆಂಪಾದರೂ ಉಷ್ಣ, ಹುಡುಗರು ಲೆಕ್ಕದಲ್ಲಿ ನಪಾಸಾದರೂ ಉಷ್ಣ. ಜಿಮ್ಮಿಗೆ ಹರಳೆಣ್ಣೆ ಮೆತ್ತಿದೆ. ಎದುರುಮನೆಯಲ್ಲಿ ಹಾಸಿಗೆ ಹೊಲಿಯುವ ರಹಮಾನ್ ಸಾಹೇಬರು, "ನಜರ್ ಆಗೈತೆ ಮೇಷ್ಟ್ರೇ. ಏನ್ ಕೂದ್ಲಿತ್ತು ಅದಕ್ಕೆ! ಒಂದು ದಿಂಬಿಗೆ ಆಗುತ್ತೆ ಅಂತ ನಾನೇ ಎಷ್ಟ್ ಸಲ ಅಂದ್ಕೊಂಡಿದೀನಿ!" ಎಂದು ನಿಟ್ಟುಸಿರಿಟ್ಟರು. ಯಾರ ನಜರ್ ಎಂದು ಕೇಳುವ ಅಗತ್ಯ ಉಳಿಯಲಿಲ್ಲ. ಬೇರೊಬ್ಬರ ಮಾತು ಕೇಳಿ ಹೊಂಗೆ ಎಣ್ಣೆಗೆ ಗಂಧಕ ಕಲಸಿ ಬಳಿದೆ. ವಠಾರವೆಲ್ಲ ಮೂಗು ಮುಚ್ಚಿಕೊಂಡಿತು. ಎಣ್ಣೆ ತೆಗೆಯಲು ಮತ್ತೆ ಸೋಪು, ಮತ್ತೆ ಉಜ್ಜಾಟ. ರುದ್ರಪ್ಪನವರು ಮಾತ್ರ ಖರ್ಚಿಲ್ಲದ ಕಾರಣ ಕೊಟ್ಟರು: ಪೂರ್ವಜನ್ಮದ ಕರ್ಮ.

ಕೊನೆಗೆ ಜಿಮ್ಮಿಯನ್ನು ಬಸ್ಸಿನಲ್ಲಿ ತುಮಕೂರಿಗೆ ಒಯ್ದು ದನದ ಡಾಕ್ಟರಿಗೆ ತೋರಿಸಿದೆ. ಎಲ್ಲ ಕೇಳಿಕೊಂಡ ಅವರು, "ದಿನಾ ಬಟ್ಟೆ ಸೋಪಾ? ನಿಮ್ ಪಂಚೆಗೂ ಇಷ್ಟು ಸೇವೆ ನಡೆಯಲ್ಲ ಅನ್ಸುತ್ತೆ. ಹುಳ ಇಲ್ಲ, ಕಜ್ಜಿ ಇಲ್ಲ. ಸೋಪು ನಿಲ್ಸಿ, ಎಣ್ಣೆನೂ ನಿಲ್ಸಿ. ಅದನ್ನ ನಾಯಿಯಾಗಿರಕ್ಕೆ ಬಿಡಿ" ಎಂದರು. ಮಡಿ ತಪ್ಪಿದ ಜಿಮ್ಮಿಯನ್ನು ಹಿತ್ತಲಲ್ಲಿ ಕಟ್ಟಿದೆವು.

ಹೆಣ್ಣು ನೋಡುವ ದಿನದ ಹೊತ್ತಿಗೆ ಬೆನ್ನ ಮೇಲೆ ನವಿರಾದ ತುಪ್ಪಳ ಮೂಡಿತ್ತು, ಅಷ್ಟೇ. ನಾಯಿಯನ್ನು ಬಚ್ಚಲಲ್ಲಿ ಕೂಡಿಹಾಕಿದೆ. ಉಪ್ಪಿಟ್ಟಿನ ವಾಸನೆಗೆ ಬಾಗಿಲು ನಿಲ್ಲಲಿಲ್ಲ. ಹಿಡಿಯಲು ನಾನು ಹಿಂದೆಯೇ ಓಡಿದರೂ, ಜಿಮ್ಮಿ ನೇರವಾಗಿ ರುದ್ರಪ್ಪನವರ ನಡುಮನೆಗೆ ಬಂದು ಗಂಡಿನ ತೊಡೆಯ ಮೇಲೆ ತಲೆಯಿಟ್ಟಿತು. ರುದ್ರಪ್ಪನವರ ಮುಖ ಅವರ ವಿಭೂತಿಗಿಂತ ಬಿಳುಪಾಯಿತು. ಬಾಗಿಲಲ್ಲಿ ನಿಂತಿದ್ದ ಸರೋಜಳ ಕಣ್ಣಲ್ಲಿ ಆಗಲೇ ನೀರು.

ಗಂಡು ತಾಲ್ಲೂಕು ಕಚೇರಿಯ ಗುಮಾಸ್ತ. ಇದ್ದಬದ್ದ ಕೂದಲನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಎಳೆದು ಬಾಚಿಕೊಂಡಿದ್ದ. ಜಿಮ್ಮಿಯ ಬೆನ್ನು ಸವರಿದವನು ಬಗ್ಗಿ ನೋಡಿ, ಆಸೆಯಿಂದ ಕೇಳಿದ: "ಇದಕ್ಕೆ ಹೊಸ ಕೂದ್ಲು ಬರ್ತಿದೆಯಲ್ಲ ಸಾರ್! ಯಾವ ಎಣ್ಣೆ ಹಚ್ಚಿದ್ರಿ?"

ಎಣ್ಣೆ ನಿಲ್ಲಿಸಿದ್ದರಿಂದಲೇ ಬಂತು ಎನ್ನಲು ನಾನು ಬಾಯಿ ತೆರೆದೆ. ರುದ್ರಪ್ಪನವರು ನನ್ನ ಕಾಲು ತುಳಿದರು. "ನಮ್ ಅಂಗ್ಡಿ ಕೊಬ್ರಿ ಎಣ್ಣೆ! ಈ ಮೇಷ್ಟ್ರೇ ಬೇರು ಹಾಕಿ ಕಾಯಿಸ್ತಾರೆ. ನಾಯಿ ನಮ್ದೇ."

ಮದುವೆಯಾಯಿತು. ಅಂದಿನಿಂದ ಜಿಮ್ಮಿ ಸ್ನಾನವಿಲ್ಲದೆಯೇ ಅಂಗಳ ದಾಟುತ್ತಿತ್ತು. ನಾನು ಮಾತ್ರ ತಪ್ಪದೆ ಎಣ್ಣೆ ಕಾಯಿಸಿ ಕುಣಿಗಲ್ಲಿಗೆ ಕಳಿಸುತ್ತಿದ್ದೆ. ಅಳಿಯಂದಿರ ತಲೆಯಲ್ಲಿ ಏನೂ ಮೊಳೆಯಲಿಲ್ಲ. ಕೇಳಿದರೆ, ಔಷಧದಲ್ಲಿ ನಂಬಿಕೆ ಬೇಕು ಎಂದು ಗಂಭೀರವಾಗಿ ಹೇಳುತ್ತಿದ್ದೆ. "ನಾಚ್ಕೆ ಆಗಲ್ವಾ ನಿಮಗೆ?" ಎನ್ನುತ್ತಿದ್ದಳು ಸರೋಜ. ಆಗುತ್ತಿತ್ತು. ಆದರೆ ಒಂದು ಸಲ ಬಾಣಲೆಯ ತಳದಲ್ಲಿ ಎಣ್ಣೆ ಸ್ವಲ್ಪ ಮಿಕ್ಕಿತ್ತು. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ನನ್ನ ನೆತ್ತಿಗೆ ಸವರಿಕೊಂಡೆ.