ಕೆರೆ ಪಾರ್ಕಿನ ತಂಡೇಲ

ದೂಮಪ್ಪ ಬೇಕೆಂದೇ ಸುಳ್ಳು ಹೇಳಿದ್ದಲ್ಲ. ಕಡಲತಡಿಯ ಹೆಜಮಾಡಿಯಿಂದ ಮಣಿಪಾಲದ ಮಗಳ ಮನೆಗೆ ಬಂದ ಹೊಸದರಲ್ಲಿ, ಕೆರೆ ಪಾರ್ಕಿನ ಬೆಂಚಿನಲ್ಲಿ ಕಾಸಿಂ ಸಾಹೇಬರು, "ಬಂದರಿನಲ್ಲಿ ಎಂತ ಮಾಡಿಕೊಂಡಿದ್ದದ್ದು ನೀವು?" ಎಂದು ಕೇಳಿದರು. ಸಾಹೇಬರಿಗೆ ದುಬೈಯಲ್ಲಿ ಅಂಗಡಿಯಿತ್ತು. ಪಕ್ಕದ ಪ್ಯಾಟ್ರಿಶಿಯಾ ಬಾಯಿ ನಿವೃತ್ತ ಹೆಡ್‌ಮಿಸ್ಟ್ರೆಸ್. ಇಂಥವರ ಮುಂದೆ, ಇಪ್ಪತ್ತೆಂಟು ವರ್ಷ ಮೀನಿಗೆ ಐಸ್ ಒಡೆದೆ ಎನ್ನಲು ನಾಲಿಗೆ ಹೊರಳಲಿಲ್ಲ. "ತಂಡೇಲ" ಎಂದುಬಿಟ್ಟ. ಇಡೀ ಬೋಟು ನಡೆಸುವ ಯಜಮಾನ! ನಿಜ ಹೇಳಬೇಕೆಂದರೆ, ಬೋಟು ಹತ್ತಿದರೆ ಅವನಿಗೆ ವಾಂತಿ ಬರುತ್ತಿತ್ತು. ಆದರೂ ಅಂದಿನಿಂದ ಬೆಂಚಿನಲ್ಲಿ ಅವನು 'ತಂಡೇಲರು'. ಮಗಳ ಮನೆಯಲ್ಲಿಯೂ ಸಿಗದ ಮರ್ಯಾದೆ ಅದು.

ಆ ಭಾನುವಾರ ಕೆರೆಯ ನಡುವಿನಿಂದ ಕೂಗು ಕೇಳಿತು. ಹಂಸದ ಆಕಾರದ ಪೆಡಲ್ ಬೋಟೊಂದು ಜೊಂಡಿನಲ್ಲಿ ಸಿಕ್ಕಿಕೊಂಡಿತ್ತು. ಒಳಗೆ ಗಂಡ ಹೆಂಡತಿ. ಬೋಟಿನ ಕೆಲಸದವ ಚಹಾಕ್ಕೆ ಹೋಗಿದ್ದ.

"ತಂಡೇಲರೇ, ನೀವಿದ್ದೂ ಸುಮ್ಮನೆ ಕೂರುವುದಾ?" ಎಂದರು ಪ್ಯಾಟ್ರಿಶಿಯಾ ಬಾಯಿ.

"ನನ್ನದೆಲ್ಲ ಉಪ್ಪುನೀರಿನ ಅಭ್ಯಾಸ ಬಾಯಿ. ಇದು ಸಿಹಿನೀರು."

"ನೀರು ಕುಡಿಯಲಿಕ್ಕೆ ಹೇಳಿದ್ದಲ್ಲ ಮಾರಾಯರೇ!" ಎಂದು ಸಾಹೇಬರು ಅವನನ್ನು ಎಬ್ಬಿಸಿಯೇಬಿಟ್ಟರು. ಅಷ್ಟರಲ್ಲಿ ನಲವತ್ತು ಜನ ಸೇರಿದ್ದರು, ಹತ್ತು ಮೊಬೈಲು ಮೇಲೆದ್ದಿದ್ದವು.

ಲೈಫ್ ಜಾಕೆಟನ್ನು ಹಿಂದುಮುಂದಾಗಿ ತೊಟ್ಟು, ದೂಮಪ್ಪ ಇನ್ನೊಂದು ಹಂಸ ಹತ್ತಿದ. ತುಳಿದ. ಹಂಸ ಹಿಂದಕ್ಕೆ ಹೋಯಿತು. ಮತ್ತೆ ತುಳಿದ. ಗಾಣದ ಎತ್ತಿನ ಹಾಗೆ ನಿಂತಲ್ಲೇ ಸುತ್ತಿತು. "ಗಾಳಿ ನೋಡುತ್ತಿದ್ದಾರೆ," ಎಂದು ಸಾಹೇಬರು ಜನರಿಗೆ ವಿವರಿಸಿದರು. ಹೇಗೋ ಜೊಂಡಿನ ತನಕ ತಲುಪಿದ. ತಲುಪಿದ್ದೇ ತಡ, ಅವನ ಹಂಸವೂ ಸಿಕ್ಕಿಕೊಂಡಿತು.

ಆ ಬೋಟಿನಲ್ಲಿದ್ದವನನ್ನು ನೋಡಿ ದೂಮಪ್ಪ ಕೂಗಿಯೇಬಿಟ್ಟ. "ಕಿಟ್ಟಣ್ಣ!" ಮೂವತ್ತು ವರ್ಷ ಆಳಸಮುದ್ರ ಆಳಿದ ನಿಜವಾದ ತಂಡೇಲ! ಅವನ ಬೋಟಿನ ಮೀನಿಗೇ ದೂಮಪ್ಪ ಐಸ್ ಒಡೆಯುತ್ತಿದ್ದದ್ದು.

"ಮೆಲ್ಲ ಮಾತಾಡು ಮಾರಾಯ," ಎಂದು ಕಿಟ್ಟಣ್ಣ ಹಲ್ಲು ಕಡಿದ. "ಹಂಸದಲ್ಲಿ ಸಿಕ್ಕಿಬಿದ್ದೆ ಅಂತ ಬಂದರಿಗೆ ಗೊತ್ತಾದರೆ ನಾನು ಬದುಕುವುದುಂಟಾ?"

"ಬೇಡ ಅಂತ ಹೇಳಿದೆ ನಾನು," ಎಂದಳು ಅವನ ಹೆಂಡತಿ ನಳಿನಾಕ್ಷಿ, ಆಕಾಶ ನೋಡುತ್ತ.

ಆಗ ಬೋಟಿನ ಕೆಲಸದವ ಬಂದ. ಪ್ಯಾಂಟು ಮಡಚಿ, ಕೈಯ ಚಹಾದ ಗ್ಲಾಸನ್ನೂ ಕೆಳಗಿಡದೆ, ಕೆರೆಯೊಳಗೆ ನಡೆದುಕೊಂಡೇ ಬಂದ. ನೀರು ಅವನ ಮೊಣಕಾಲಿಗೆ ಬರುತ್ತಿತ್ತು, ಅಷ್ಟೇ. ಮೊದಲು ಒಂದು ಹಂಸದ ಕೊರಳು ಹಿಡಿದು ದಡಕ್ಕೆ ಎಳೆದ, ಆಮೇಲೆ ಇನ್ನೊಂದರದ್ದು. ನಡುವೆ ಒಂದು ಗುಟುಕು ಕುಡಿದ. ದಡದಲ್ಲಿ ನಗುವೋ ನಗು.

ದೂಮಪ್ಪ ತೀರ್ಮಾನಿಸಿದ. ಮೊಣಕಾಲು ನೀರಿನಲ್ಲಿ ಸೋತ ತಂಡೇಲನಾಗುವುದಕ್ಕಿಂತ ಇದ್ದದ್ದನ್ನು ಒಪ್ಪಿಕೊಳ್ಳುವುದೇ ಮೇಲು. ಅವನು ಬಾಯಿ ತೆರೆಯುವಷ್ಟರಲ್ಲಿ ಕಿಟ್ಟಣ್ಣ ದಡಕ್ಕೆ ಹಾರಿ ಕೈಮುಗಿದ. "ನನಗೆ ಬೋಟಿನ ಗಂಧಗಾಳಿ ಇಲ್ಲ ಮಾರಾಯರೇ. ನಾನು ಬಂದರಿನಲ್ಲಿ ಐಸ್ ಒಡೆಯುವವ."

"ಎಷ್ಟು ಸತ್ಯವಂತ ಮನುಷ್ಯ!" ಎಂದರು ಕಾಸಿಂ ಸಾಹೇಬರು.

"ನಾನೂ ಅಷ್ಟೇ," ಎಂದು ದೂಮಪ್ಪ ಗಾಬರಿಯಿಂದ ಮುಂದೆ ಬಂದ. "ದೇವರಾಣೆ, ನಾನೂ ಐಸ್ ಒಡೆಯುವವನೇ."

ಪ್ಯಾಟ್ರಿಶಿಯಾ ಬಾಯಿ ಕನ್ನಡಕ ಕೆಳಗಿಳಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಛೆ, ದೂಮಪ್ಪ! ಈ ಪ್ರಾಯದಲ್ಲಿ ಪಕ್ಕದವರದ್ದು ನೋಡಿ ಕಾಪಿ ಹೊಡೆಯುವುದಾ?"